ಬಂದಿಯ ಬೆವರು

ಮೈಸೂರಿನ ಅಶೋಕ ರಸ್ತೆಗೆ ಸಂತ ಫಿಲೋಮಿನಾ ಇಗರ್ಜಿಯ ಜೋಡಿ ಗೋಪುರಗಳನ್ನು ನೋಡಲೆಂದು ಬರುವ ಯಾತ್ರಿಕರಿಗೆ ಲೆಕ್ಕವಿಲ್ಲ. ಅದೇ ರಸ್ತೆಯಲ್ಲಿರುವ ಇನ್ನೊಂದು ಕಟ್ಟಡವನ್ನು ನೋಡಲು ಯಾರೂ ಬರುವುದಿಲ್ಲ. ಒಳಗೆ ಬಂದವರಾದರೂ ತಾವಾಗಿ ಬಂದವರಲ್ಲ. ಕೇಂದ್ರ ಕಾರಾಗೃಹದ ಗೋಡೆಯ ಮಗ್ಗುಲಲ್ಲಿಯೇ ಊರಿನ ನಿತ್ಯದ ಬಾಳು ಹರಿದುಹೋಗುತ್ತದೆ. ಗೋಡೆಯ ಆಚೆಗೆ ಏನು ನಡೆಯುತ್ತದೆಂದು ತಲೆಯೆತ್ತಿ ನೋಡುವ ವ್ಯವಧಾನ ಯಾರಿಗಿದೆ?

ಸೆರೆಮನೆಯನ್ನು ಕುರಿತು ನಮ್ಮ ಜನ ಆಡುವ ಮಾತುಗಳನ್ನು ವಾಚಕರು ಗಮನಿಸಿರಬಹುದು. ‘ಮಾವನ ಮನೆಗೆ ಹೋಗಿದ್ದಾನೆ’ ಎನ್ನುತ್ತಾರೆ. ‘ಕಂಬಿ ಎಣಿಸುತ್ತಿದ್ದಾನೆ’ ಎನ್ನುತ್ತಾರೆ. ಇನ್ನೂ ಹಾಸ್ಯಪ್ರಿಯರಾದರೆ ‘ಸರ್ಕಾರದ ಮುದ್ದೆ ಮುರಿಯುತ್ತಿದ್ದಾನೆ’ ಎನ್ನುತ್ತಾರೆ. ಈ ಮೂರು ಮಾತಿನಲ್ಲಿಯೂ ಬಂದಿಯು ಸುಮ್ಮನೆ ಕುಳಿತಿದ್ದಾನೆ, ಇಲ್ಲವೆ ಉಣ್ಣುತ್ತಿದ್ದಾನೆ. ಆದರೆ ನ್ಯಾಯಾಧೀಶರು ಓದುವ ತೀರ್ಪಿನಲ್ಲಿ ಬೇರೊಂದು ಶಬ್ದವಿರುತ್ತದೆ. ಇಂತಿಷ್ಟು ವರ್ಷ ‘ಕಠಿಣ’ ಸಜೆ. ಕಟಕಟೆಯಲ್ಲಿ ನಿಂತವನ ತಾಯಿಯೋ ಹೆಂಡತಿಯೋ ವರ್ಷಗಳನ್ನು ಮಾತ್ರ ಎಣಿಸುತ್ತಾಳೆ. ಕಠಿಣವೆಂದರೆ ಏನೆಂದು ವಕೀಲರನ್ನು ಕೇಳುವಷ್ಟು ಧೈರ್ಯ ಆ ಗಳಿಗೆಯಲ್ಲಿ ಅವಳಿಗೆ ಇರುವುದಿಲ್ಲ.

ಕೇಳಿದ್ದರೂ ಉತ್ತರ ಸುಲಭವಾಗಿರಲಿಲ್ಲ. ೧೮೬೦ರ ಭಾರತ ದಂಡ ಸಂಹಿತೆಯ ೫೩ನೆಯ ಕಲಮು ಸೆರೆವಾಸವನ್ನು ಎರಡಾಗಿ ವಿಂಗಡಿಸಿತು: ಕಠಿಣ ದುಡಿಮೆಯಿಂದ ಕೂಡಿದ್ದು ಒಂದು, ಸಾದಾ ಸಜೆ ಇನ್ನೊಂದು. ಆ ಸಂಹಿತೆಯ ಸ್ಥಾನದಲ್ಲಿ ೨೦೨೪ರ ಜುಲೈ ೧ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತು. ಹೆಸರು ಬದಲಾಯಿತು, ಕಲಮುಗಳ ಅಂಕಿಗಳು ಬದಲಾದುವು. ಆದರೆ ಈ ವಿಂಗಡಣೆ ಮಾತ್ರ ೪ನೆಯ ಕಲಮಿನಲ್ಲಿ ಹಾಗೆಯೇ ಬಂದು ಕುಳಿತಿತು. ಕಠಿಣ ದುಡಿಮೆ ಎಂದರೆ ಕಲ್ಲು ಒಡೆಯುವುದೋ, ಬಟ್ಟೆ ನೇಯುವುದೋ, ಅಡುಗೆ ಮಾಡುವುದೋ ಎಂಬುದನ್ನು ಅಂದೂ ಹೇಳಿರಲಿಲ್ಲ, ಇಂದೂ ಹೇಳಿಲ್ಲ. ಆ ಪಾತ್ರೆಯೊಳಕ್ಕೆ ಒಂದೊಂದು ಕಾಲವು ತನಗೆ ತೋಚಿದ್ದನ್ನು ಸುರಿಯುತ್ತ ಬಂದಿದೆ.

ಈ ವಿಷಯದ ಅತ್ಯಂತ ಹಳೆಯ ಲಿಖಿತ ನಿಯಮಗಳಲ್ಲಿ ಕೆಲವು ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿಯೇ ಎಂಬುದು ಅನೇಕರಿಗೆ ಹೊಳೆಯದ ಸಂಗತಿ. ೧೯೦೫ರಲ್ಲಿ ಮೈಸೂರು ಸರ್ಕಾರದ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿತ್ತು. ಹೆಸರನ್ನು ಮಾತ್ರ ಕೇಳಿ ಬಲ್ಲ ಆ ಗ್ರಂಥವನ್ನು ಗುರುತಿಸಿ, ಓದಿ, ೧೯೦೯ರಲ್ಲಿ ಮುದ್ರಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ೧೯೧೫ರಲ್ಲಿ ಅವರ ಇಂಗ್ಲಿಷ್ ಅನುವಾದವೂ ಹೊರಬಂದಿತು. ರಾಜನೀತಿ, ಗೂಢಚರ್ಯೆ, ತೆರಿಗೆ ಇವುಗಳಿಗಾಗಿ ಜಗತ್ತು ಆ ಪುಸ್ತಕವನ್ನು ಕೊಂಡಾಡಿತು. ಸೆರೆಮನೆಯ ಮಾತುಗಳು ಅದರಲ್ಲಿ ಅಲ್ಲಲ್ಲಿ ಚದುರಿಕೊಂಡಿವೆ, ಹುಡುಕಿ ಓದಬೇಕು.

ರಾಜನ ಹೊಲಗಳ ಬಿತ್ತನೆಯ ಪ್ರಕರಣದಲ್ಲಿ ಸೀತಾಧ್ಯಕ್ಷನೆಂಬ ಅಧಿಕಾರಿಯು ಯಾರಿಂದ ಕೆಲಸ ಮಾಡಿಸಬೇಕು ಎಂಬ ಪಟ್ಟಿಯಿದೆ. ದಾಸರು, ಕೂಲಿಯಾಳುಗಳು, ಅವರ ಜೊತೆಯಲ್ಲಿ ‘ದಂಡಪ್ರತಿಕರ್ತೃ’ಗಳು. ಎಂದರೆ ತೆರಬೇಕಾದ ದಂಡವನ್ನು ಹಣದಲ್ಲಿ ತೆರಲಾರದೆ ದುಡಿಮೆಯಿಂದ ತೀರಿಸುವವರು. ನೂಲಿನ ಅಧ್ಯಕ್ಷನ ಪ್ರಕರಣದಲ್ಲಿ ಇದೇ ಬಗೆಯ ಹೆಂಗಸರೂ ಬರುತ್ತಾರೆ. ವಿಧವೆಯರು, ಅಂಗವಿಕಲೆಯರು ಮೊದಲಾದವರೊಡನೆ ಕುಳಿತು ಅವರು ನೂಲುತ್ತಾರೆ. ಮತ್ತೊಂದು ಕಡೆ, ದಿನಕ್ಕೊಮ್ಮೆಯೋ ಐದು ರಾತ್ರಿಗೊಮ್ಮೆಯೋ ಸೆರೆಯಲ್ಲಿರುವವರ ಲೆಕ್ಕವನ್ನು ತೀರಿಸಬೇಕೆಂದು ಹೇಳಿದೆ: ಮಾಡಿದ ಕೆಲಸಕ್ಕಾಗಿ ಕೆಲವರಿಗೆ ಬಿಡುಗಡೆ, ಏಟು ತಿಂದದ್ದಕ್ಕಾಗಿ ಕೆಲವರಿಗೆ, ಹೊನ್ನು ಕೊಟ್ಟದ್ದಕ್ಕಾಗಿ ಕೆಲವರಿಗೆ. ಬಂದಿಗೆ ಅನ್ನ ನೀರು ತಡೆದ ಅಧಿಕಾರಿಗೆ ೯೬ ಪಣ ದಂಡ. ಬಂದಿಯನ್ನು ಕೊಂದವನಿಗೆ ಸಾವಿರ.

ಇದನ್ನು ಓದಿ ಕೌಟಿಲ್ಯನನ್ನು ಕರುಣಾಳುವೆಂದು ಯಾರೂ ಭ್ರಮಿಸಬೇಕಾಗಿಲ್ಲ. ಅದೇ ಗ್ರಂಥದಲ್ಲಿ ಚಿತ್ರಹಿಂಸೆಯ ಬಗೆಗಳ ಪಟ್ಟಿಯೂ ಇದೆ, ಓದಿದರೆ ಊಟ ಸೇರುವುದಿಲ್ಲ. ಆದರೆ ದುಡಿಮೆಯ ಮಟ್ಟಿಗೆ ಅವನ ಲೆಕ್ಕ ಶೆಟ್ಟರ ಅಂಗಡಿಯ ಲೆಕ್ಕದಂತೆ ನೇರ. ಕೆಲಸವೆಂಬುದು ಸಾಲದ ಕಂತು. ಹೊಲ ಬಿತ್ತಿತು, ನೂಲು ಸುತ್ತಿತು, ಋಣ ಹರಿಯಿತು, ಎದ್ದು ಹೋಗು. ಕೆಲಸದಿಂದ ನೋವಾಗಲೇಬೇಕೆಂಬ ಹಟ ಅದರಲ್ಲಿಲ್ಲ.

ಆ ಹಟ ಬಂದದ್ದು ಹಡಗಿನಲ್ಲಿ.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಂಪನಿ ಸರ್ಕಾರವು ಬಂದಿಗಳ ಕಾಲಿಗೆ ಸರಪಣಿ ತೊಡಿಸಿ ಹೆದ್ದಾರಿಗಳ ಕೆಲಸಕ್ಕೆ ಅಟ್ಟುತ್ತಿತ್ತು. ರಸ್ತೆ ಮುಂದೆ ಸಾಗಿದಂತೆ ಅವರ ಗುಡಿಸಲೂ ಮುಂದೆ ಸಾಗುತ್ತಿತ್ತು. ಜ್ವರದಿಂದ ಸತ್ತವರು ಹಿಂದೆಯೇ ಉಳಿಯುತ್ತಿದ್ದರು. ಮೆಕಾಲೆಯ ಸಲಹೆಯಂತೆ ೧೮೩೬ರಲ್ಲಿ ನೇಮಕವಾದ ಸೆರೆಮನೆ ಶಿಸ್ತಿನ ಸಮಿತಿಯು ೧೮೩೮ರಲ್ಲಿ ತನ್ನ ವರದಿಯನ್ನು ಒಪ್ಪಿಸಿ, ಈ ಪದ್ಧತಿಯನ್ನು ನಿಲ್ಲಿಸಬೇಕೆಂದು ಹೇಳಿತು. ಬಂದಿಗಳ ಮೇಲಣ ಮರುಕವೇ ಇದಕ್ಕೆ ಕಾರಣವಿರಬೇಕೆಂದು ನಾವು ಊಹಿಸುತ್ತೇವೆ. ಸಮಿತಿಯ ಮುಖ್ಯ ದೂರು ಬೇರೆಯದೇ ಆಗಿತ್ತು. ಬಯಲಿನಲ್ಲಿ ದುಡಿಯುವ ಬಂದಿ ದಾರಿಹೋಕರೊಡನೆ ಮಾತನಾಡುತ್ತಾನೆ, ಜೊತೆಗಾರರೊಡನೆ ಹರಟುತ್ತಾನೆ, ಶಿಕ್ಷೆಯ ಬಿಸಿ ಅವನಿಗೆ ತಟ್ಟುವುದೇ ಇಲ್ಲ! ಆದುದರಿಂದ ಅವನನ್ನು ಗೋಡೆಯ ಒಳಗೆ ತರಬೇಕು. ಬೇಸರ ಹುಟ್ಟಿಸುವ, ಏಕಪ್ರಕಾರವಾದ, ಮನಸ್ಸಿಗೆ ಯಾವ ಹಿಡಿತವನ್ನೂ ಕೊಡದ ಕೆಲಸಕ್ಕೆ ಹಚ್ಚಬೇಕು. ಇದು ಅವರ ಸಲಹೆಯ ಸಾರ.

ಅವರ ಕಣ್ಣ ಮುಂದೆ ಇದ್ದ ಮಾದರಿ ಇಂಗ್ಲೆಂಡಿನದು. ಅಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರು ೧೮೧೮ರ ಸುಮಾರಿಗೆ ಟ್ರೆಡ್‌ಮಿಲ್ ಎಂಬ ಯಂತ್ರವನ್ನು ಸೆರೆಮನೆಗೆಂದೇ ರೂಪಿಸಿದ್ದ. ಇಂದು ವ್ಯಾಯಾಮಶಾಲೆಗಳಲ್ಲಿ ಹಣ ತೆತ್ತು ಓಡುವ ಯಂತ್ರಕ್ಕೆ ಇದೇ ಹೆಸರು ಉಳಿದುಕೊಂಡಿರುವುದು ಭಾಷೆಯ ಒಂದು ಕುಚೋದ್ಯ. ಮೂಲ ಯಂತ್ರವು ಉದ್ದನೆಯ ಮರದ ಉರುಳೆ. ಅದರ ಸುತ್ತಲೂ ಮೆಟ್ಟಿಲುಗಳು. ಬಂದಿಗಳು ಸಾಲಾಗಿ ನಿಂತು ಮೆಟ್ಟಿಲು ಹತ್ತಬೇಕು. ಹತ್ತಿದಂತೆಲ್ಲ ಉರುಳೆ ತಿರುಗಿ ಮೆಟ್ಟಿಲು ಕೆಳಗೆ ಜಾರುತ್ತದೆ. ಕೆಲವು ಕಡೆ ಅದು ಹಿಟ್ಟು ಬೀಸುತ್ತಿತ್ತು, ನೀರೆತ್ತುತ್ತಿತ್ತು. ಹಲವು ಕಡೆ ಗಾಳಿಯನ್ನಲ್ಲದೆ ಬೇರೇನನ್ನೂ ಬೀಸುತ್ತಿರಲಿಲ್ಲ. ಶತಮಾನದ ಉತ್ತರಾರ್ಧದಲ್ಲಿ ಒಬ್ಬ ಬಂದಿಗೆ ದಿನವೊಂದಕ್ಕೆ ೮,೬೪೦ ಅಡಿಗಳ ಏರು ಗೊತ್ತಾಗಿತ್ತು. ಮೈಸೂರಿನವರಿಗೆ ಇದನ್ನು ತಿಳಿಸಲು ಬೇರೆ ಅಳತೆ ಬೇಡ. ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲುಗಳನ್ನು ಹತ್ತಿ ಚಾಮುಂಡಿ ಬೆಟ್ಟವನ್ನು ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ ಸುಮಾರು ಒಂಬತ್ತು ಸಲ ಏರಿದಂತೆ. ನಡುದಾರಿಯಲ್ಲಿ ನಂದಿಯಿಲ್ಲ, ತುದಿಯಲ್ಲಿ ತಾಯಿಯ ದರ್ಶನವಿಲ್ಲ, ಏರಿದವನು ಹೊರಟಲ್ಲಿಯೇ ಇದ್ದಾನೆ.

ಇದಕ್ಕಿಂತಲೂ ಕ್ರೂರವಾದುದು ಕ್ರ್ಯಾಂಕ್ ಎಂಬ ಪೆಟ್ಟಿಗೆ. ಕೋಣೆಯಲ್ಲಿ ಒಬ್ಬನೇ ಕುಳಿತು ಅದರ ಹಿಡಿಯನ್ನು ತಿರುವಬೇಕು. ಒಳಗೆ ಮರಳನ್ನು ಕಲಕುವುದಲ್ಲದೆ ಬೇರೆ ಫಲವಿಲ್ಲ. ಸುತ್ತುಗಳನ್ನು ಒಂದು ಮುಳ್ಳು ಎಣಿಸುತ್ತದೆ. ೧೮೫೩ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಸೆರೆಮನೆಯಲ್ಲಿ ಹದಿನೈದು ವರ್ಷದ ಹುಡುಗನೊಬ್ಬನಿದ್ದ. ಮಾಡಿದ ಅಪರಾಧ ನಾಲ್ಕು ಪೌಂಡು ಮಾಂಸದ ಕಳವು. ಅವನಿಗೆ ದಿನಕ್ಕೆ ೧೦,೦೦೦ ಸುತ್ತು: ಬೆಳಗಿನ ಊಟಕ್ಕೆ ಮೊದಲು ೨,೦೦೦, ಮಧ್ಯಾಹ್ನಕ್ಕೆ ಮೊದಲು ೪,೦೦೦, ರಾತ್ರಿಗೆ ಮೊದಲು ೪,೦೦೦. ಲೆಕ್ಕ ತಪ್ಪಿದ ದಿನ ರೊಟ್ಟಿ ನೀರು ಮಾತ್ರ. ಹುಡುಗ ಕಿಟಕಿಯ ಕಂಬಿಗೆ ನೇಣು ಹಾಕಿಕೊಂಡ. ವಿಚಾರಣೆ ನಡೆಯಿತು, ದೇಶದಲ್ಲೆಲ್ಲ ಗುಲ್ಲಾಯಿತು, ಚಾರ್ಲ್ಸ್ ರೀಡ್ ಎಂಬ ಲೇಖಕ ಅದನ್ನೇ ವಸ್ತುವಾಗಿಟ್ಟುಕೊಂಡು ಕಾದಂಬರಿ ಬರೆದ. ಆದರೂ ಟ್ರೆಡ್‌ಮಿಲ್ಲು, ಕ್ರ್ಯಾಂಕು ಎರಡನ್ನೂ ಅಲ್ಲಿನ ಕಾನೂನು ಕೈಬಿಟ್ಟದ್ದು ೧೮೯೮ರಲ್ಲಿ. ಅಷ್ಟರೊಳಗೆ, ೧೮೯೫ರಲ್ಲಿ, ಎರಡು ವರ್ಷದ ಕಠಿಣ ದುಡಿಮೆಯ ಶಿಕ್ಷೆಗೆ ಗುರಿಯಾದ ಆಸ್ಕರ್ ವೈಲ್ಡ್ ಅದೇ ಮೆಟ್ಟಿಲುಗಳನ್ನು ತುಳಿದು, ಹಳೆಯ ಹಡಗಿನ ಹಗ್ಗವನ್ನು ಉಗುರಿನಿಂದ ಬಿಚ್ಚಿ ನಾರು ಮಾಡಿ, ಮುರಿದ ದೇಹದೊಡನೆ ಹೊರಬಂದಿದ್ದ. ೧೯೦೦ರಲ್ಲಿ ತೀರಿಹೋದ.

ಭಾರತದಲ್ಲಿ ಟ್ರೆಡ್‌ಮಿಲ್ ಹೆಚ್ಚಾಗಿ ಹಬ್ಬಲಿಲ್ಲ. ಅದು ದುಬಾರಿಯ ವಸ್ತು. ಇಲ್ಲಿ ಅದಕ್ಕಿಂತ ಅಗ್ಗವಾದವು ಮನೆಮನೆಯಲ್ಲಿಯೂ ಇದ್ದುವು. ಬೀಸುವ ಕಲ್ಲು, ಗಾಣ, ಕತ್ತಾಳೆಯನ್ನು ಜಜ್ಜುವ ಕೊಡತಿ. ಬೀಸುವ ಕಲ್ಲನ್ನು ಶಿಕ್ಷೆಯ ಉಪಕರಣವಾಗಿ ಆರಿಸಿದವನು ಯಾರೋ ತಿಳಿಯದು, ಆದರೆ ಮನುಷ್ಯನ ಮನಸ್ಸನ್ನು ಚೆನ್ನಾಗಿ ಬಲ್ಲವನಾಗಿರಬೇಕು. ನಮ್ಮ ಹಳ್ಳಿಗಳಲ್ಲಿ ಕೋಳಿ ಕೂಗುವ ಮುನ್ನ ಎದ್ದು ರಾಗಿ ಬೀಸುತ್ತಿದ್ದವರು ಹೆಂಗಸರು. ಆ ಕಲ್ಲಿನ ಸದ್ದಿನೊಡನೆ ಅವರು ಹಾಡಿದ ಬೀಸುವ ಪದಗಳು ಕನ್ನಡ ಜನಪದ ಸಾಹಿತ್ಯದ ಒಂದು ದೊಡ್ಡ ಭಂಡಾರವೇ ಆಗಿವೆ. ತವರಿನ ನೆನಪು, ಅತ್ತೆಯ ದೂರು, ಮಗುವಿನ ಮುದ್ದು ಎಲ್ಲವೂ ಅಲ್ಲಿವೆ. ಹಾಡು ದುಡಿಮೆಯ ಭಾರವನ್ನು ಇಳಿಸುತ್ತಿತ್ತು. ಅದೇ ಕಲ್ಲನ್ನು ಸೆರೆಮನೆಗೆ ಒಯ್ದು, ಗಂಡಸನ್ನು ಅದರ ಮುಂದೆ ಕೂರಿಸಿ, ಹಾಡನ್ನು ಕಿತ್ತುಕೊಂಡು, ಇಂತಿಷ್ಟು ಸೇರು ಹಿಟ್ಟು ಸಂಜೆಯೊಳಗೆ ಬೀಳಬೇಕೆಂದು ಕಟ್ಟುಮಾಡಿದರು. ತೋಳಿಗೆ ಆದ ನೋವು ಒಂದು, ಮಾನಕ್ಕೆ ಆದದ್ದು ಇನ್ನೊಂದು.

ಗಾಣದ ಕಥೆಗೆ ಅಂಡಮಾನಿಗೆ ಹೋಗಬೇಕು. ೧೮೯೬ರಲ್ಲಿ ಆರಂಭವಾಗಿ ೧೯೦೬ರಲ್ಲಿ ಮುಗಿದ ಅಲ್ಲಿನ ಸೆಲ್ಯುಲರ್ ಜೈಲಿನಲ್ಲಿ ಎತ್ತಿನ ಜಾಗದಲ್ಲಿ ಮನುಷ್ಯರನ್ನು ಕಟ್ಟಿ ದಿನಕ್ಕೆ ಮೂವತ್ತು ಪೌಂಡು ಕೊಬ್ಬರಿ ಎಣ್ಣೆ ತೆಗೆಸುತ್ತಿದ್ದರು. ಅದಕ್ಕೂ ಹಿಂದಿನ ಕರಿನೀರಿನ ಶಿಕ್ಷೆ ಸಿಂಗಪುರದ್ದು. ೧೮೩೭ರ ಅಮರ ಸುಳ್ಯದ ದಂಗೆ ಅಡಗಿದ ಮೇಲೆ, ನೇಣಿಗೆ ಹೋದವರನ್ನು ಬಿಟ್ಟು ಉಳಿದವರಲ್ಲಿ ಕೆಲವರನ್ನು ಹಡಗು ಹತ್ತಿಸಿದ್ದು ಆ ದ್ವೀಪಕ್ಕೆ. ಇಂದು ಸಿಂಗಪುರಕ್ಕೆ ಹೋದ ನಮ್ಮವರು ಬೆಳ್ಳಗೆ ಹೊಳೆಯುವ ಸಂತ ಆಂಡ್ರೂಸ್ ಇಗರ್ಜಿಯ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ೧೮೬೨ರಲ್ಲಿ ಪ್ರತಿಷ್ಠೆಯಾದ ಆ ಗುಡಿಯನ್ನು ಕಟ್ಟಿದವರು ಭಾರತದಿಂದ ಒಯ್ದ ಬಂದಿಗಳು. ಚಿಪ್ಪಿನ ಸುಣ್ಣಕ್ಕೆ ಮೊಟ್ಟೆಯ ಬಿಳಿಯ ಭಾಗ, ಕಚ್ಚಾ ಸಕ್ಕರೆ, ತೆಂಗಿನ ಸಿಪ್ಪೆ ನೆನೆಸಿದ ನೀರು ಸೇರಿಸಿ ಅರೆದ ಮದರಾಸು ಗಾರೆಯನ್ನು ಗೋಡೆಗೆ ಬಳಿದು, ಕಲ್ಲಿನಿಂದ ಉಜ್ಜಿ ಹೊಳಪು ತಂದವರು ಅವರೇ. ಮರಳಿನ ಪೆಟ್ಟಿಗೆ ತಿರುವಿದ ಬರ್ಮಿಂಗ್‌ಹ್ಯಾಮಿನ ಹುಡುಗನಿಗೂ ಇವರಿಗೂ ಒಂದು ವ್ಯತ್ಯಾಸವಿದೆ: ಇವರ ಬೆವರು ಕಣ್ಣಿಗೆ ಕಾಣುವಂತೆ ನಿಂತಿದೆ. ಹೆಸರುಗಳು ನಿಲ್ಲಲಿಲ್ಲ, ಆ ಮಾತು ಬೇರೆ.

ಬೆವರಿನಿಂದ ಹಣವನ್ನೇಕೆ ಮಾಡಬಾರದು ಎಂಬ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವನು ಬಂಗಾಳದ ಸೆರೆಮನೆಗಳ ಮುಖ್ಯಾಧಿಕಾರಿಯಾಗಿದ್ದ ಡಾಕ್ಟರ್ ಮೌಯೆಟ್. ನಿಷ್ಪ್ರಯೋಜಕ ದುಡಿಮೆ ಮನುಷ್ಯನನ್ನು ಕೆಡಿಸುತ್ತದೆ, ಕಸುಬು ಅವನನ್ನು ತಿದ್ದುತ್ತದೆ, ಬೊಕ್ಕಸಕ್ಕೂ ಲಾಭ ಎಂದು ಅವನ ವಾದ. ಅಲಿಪುರದ ಸೆರೆಮನೆಯಲ್ಲಿ ಅಚ್ಚುಕೂಟ ಬಂದಿತು. ಆಗ್ರಾ, ಲಾಹೋರು, ಯರವಡಾ ಜೈಲುಗಳ ರತ್ನಗಂಬಳಿಗಳು ಯೂರೋಪಿನ ಪ್ರದರ್ಶನಗಳನ್ನು ಮುಟ್ಟಿದುವು. ಮೌಯೆಟ್‌ಗೆ ವಿರೋಧಿಗಳಿಗೇನೂ ಕೊರತೆಯಿರಲಿಲ್ಲ. ಜೈಲಿನ ಕಂಬಳಿ ಅಗ್ಗವಾದರೆ ನಮ್ಮ ಗತಿಯೇನೆಂದು ಹೊರಗಿನ ವರ್ತಕರು ಕೇಳಿದರು. ಕಸುಬು ಕಲಿಸಿದರೆ ಶಿಕ್ಷೆಯ ಭಯವೆಲ್ಲಿ ಉಳಿಯಿತೆಂದು ಅಧಿಕಾರಿಗಳು ಕೇಳಿದರು. ಗಂಬಳಿ ನೇಯ್ದವನಿಗೆ ಎಷ್ಟು ಸಲ್ಲಬೇಕು ಎಂಬ ಪ್ರಶ್ನೆ ಮಾತ್ರ ಈ ಗದ್ದಲದಲ್ಲಿ ಎಲ್ಲಿಯೋ ಹಿಂದೆ ಬಿದ್ದಿತು.

೧೮೯೪ರ ಸೆರೆಮನೆಗಳ ಕಾಯಿದೆಯು ದುಡಿಮೆಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. ಹದಿನೈದು ದಿನಕ್ಕೊಮ್ಮೆಯಾದರೂ ದುಡಿಯುವ ಬಂದಿಯ ತೂಕವನ್ನು ವೈದ್ಯಾಧಿಕಾರಿಯು ಬರೆಸಬೇಕೆಂದೂ ವಿಧಿಸಿತು. ಎಷ್ಟು ಹಿಂಡಬಹುದು ಎಂಬುದನ್ನು ತಕ್ಕಡಿಯಿಂದ ತಿಳಿಯುವ ಉಪಾಯವಿದು. ಆದರೂ ಅನೇಕ ಪ್ರಾಣಗಳನ್ನು ಈ ತಕ್ಕಡಿಯೇ ಉಳಿಸಿರಬಹುದು. ಕಾಯಿದೆ ಮಾಡಿದವರಿಗೆ ಅಷ್ಟು ಸಲ್ಲಬೇಕು.

ಈ ಯಂತ್ರದ ಒಳಗೆ ಸ್ವಾತಂತ್ರ್ಯ ಹೋರಾಟಗಾರರು ಬಂದ ಮೇಲೆ ದುಡಿಮೆಗೆ ಬೇರೊಂದು ಅರ್ಥ ಹುಟ್ಟಿತು. ೧೯೦೮ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಗೆ ಎರಡು ತಿಂಗಳ ಕಠಿಣ ಸಜೆಯಾಯಿತು. ವೋಕ್ಸ್‌ರಸ್ಟ್ ಎಂಬಲ್ಲಿ ಕಲ್ಲುನೆಲವನ್ನು ಅಗೆದು ಅವರ ಅಂಗೈಗಳು ಬೊಬ್ಬೆಯೆದ್ದುವು. ೧೯೨೨ರಲ್ಲಿ ಇಲ್ಲಿ ಆರು ವರ್ಷದ ಶಿಕ್ಷೆ ಬಂದಾಗ ಅದು ಸಾದಾ ಸಜೆ. ಕೆಲಸ ಮಾಡಬೇಕೆಂದು ಯಾರೂ ಅವರಿಗೆ ಹೇಳುವಂತಿರಲಿಲ್ಲ. ಯರವಡಾದಲ್ಲಿ ಅವರು ಕುಳಿತು ನೂತರು. ಸರ್ಕಾರದ ದೃಷ್ಟಿಯಲ್ಲಿ ಶಿಕ್ಷೆಯಾಗಬಹುದಾಗಿದ್ದ ಕೆಲಸವನ್ನು ತಾವಾಗಿ ಹಿಡಿದು ವ್ರತ ಮಾಡಿಕೊಂಡವರನ್ನು ಯಾವ ದಾರೋಗ ಏನು ಮಾಡಬಲ್ಲ? ೧೯೪೨ರ ಚಳವಳಿಯಲ್ಲಿ ಮೈಸೂರಿನ ಸೆರೆಮನೆಯೂ ವಿದ್ಯಾರ್ಥಿಗಳಿಂದ ತುಂಬಿತು. ಮಹಾರಾಜಾ ಕಾಲೇಜಿನ ವಿದ್ಯಾರ್ಥಿ ನಾಯಕ ಎಚ್. ವೈ. ಶಾರದಾ ಪ್ರಸಾದರು ಅಲ್ಲಿ ಬರೆದಿಟ್ಟ ದಿನಚರಿಯು ಅವರು ತೀರಿಕೊಂಡ ಮೇಲೆ, ೨೦೧೦ರಲ್ಲಿ, ‘ಎ ವಿಂಡೋ ಆನ್ ದಿ ವಾಲ್’ ಎಂಬ ಹೆಸರಿನಿಂದ ಅಚ್ಚಾಯಿತು.

ಸ್ವಾತಂತ್ರ್ಯ ಬಂದಿತು. ಸೆರೆಮನೆಯ ನಿಯಮಗಳನ್ನು ತಿದ್ದಲು ೧೯೫೭ರಲ್ಲಿ ಅಖಿಲ ಭಾರತ ಸಮಿತಿ ನೇಮಕವಾಯಿತು, ೧೯೬೦ರಲ್ಲಿ ಮಾದರಿ ಕೈಪಿಡಿ ಸಿದ್ಧವಾಯಿತು, ೧೯೬೩ರಲ್ಲಿ ನಮ್ಮ ರಾಜ್ಯಕ್ಕೆ ತನ್ನದೇ ಆದ ಕಾರಾಗೃಹ ಕಾಯಿದೆ ದೊರೆಯಿತು. ಕೂಲಿಯ ಪ್ರಶ್ನೆ ಇತ್ಯರ್ಥಕ್ಕೆ ಬಂದದ್ದು ಇನ್ನೂ ತಡವಾಗಿ. ಗುಜರಾತಿನ ಮೊಕದ್ದಮೆಯೊಂದರಲ್ಲಿ ೧೯೯೮ರಲ್ಲಿ ಸುಪ್ರೀಂ ಕೋರ್ಟು ಹೀಗೆ ತೀರ್ಮಾನಿಸಿತು: ಕಠಿಣ ಸಜೆಯ ಬಂದಿಯಿಂದ ಕೆಲಸ ಮಾಡಿಸುವುದು ಸಂವಿಧಾನ ನಿಷೇಧಿಸಿದ ಬಿಟ್ಟಿ ದುಡಿಮೆಯಾಗುವುದಿಲ್ಲ, ಆದರೆ ಆ ಕೆಲಸಕ್ಕೆ ನ್ಯಾಯವಾದ ಕೂಲಿ ಕೊಡಲೇಬೇಕು, ಅನ್ನ ಬಟ್ಟೆಯ ವೆಚ್ಚವನ್ನು ಹಿಡಿದುಕೊಳ್ಳಬಹುದು, ಅಪರಾಧದಿಂದ ನೊಂದವರಿಗೂ ಅದರಲ್ಲಿ ಒಂದು ಪಾಲು ಸಲ್ಲುವಂತೆ ರಾಜ್ಯಗಳು ಏರ್ಪಾಡು ಮಾಡಬೇಕು. ಕರ್ನಾಟಕವು ೨೦೨೨ರ ಡಿಸೆಂಬರಿನಲ್ಲಿ ಬಂದಿಗಳ ದಿನಗೂಲಿಯನ್ನು ಏರಿಸಿ, ಹೊಸದಾಗಿ ಕಲಿಯುವವನಿಗೆ ೫೨೪ ರೂಪಾಯಿ, ಅತಿ ನುರಿತವನಿಗೆ ೬೬೩ ರೂಪಾಯಿ ಎಂದು ಗೊತ್ತುಮಾಡಿತು. ದೇಶದಲ್ಲಿಯೇ ಇದು ದೊಡ್ಡ ದರವೆಂದು ಪತ್ರಿಕೆಗಳು ಬರೆದುವು. ಹೊರಗೆ ಬಿಸಿಲಿನಲ್ಲಿ ದುಡಿಯುವ ಕೂಲಿಗಾರನಿಗೆ ಇಷ್ಟು ದೊರೆಯುವುದೆ ಎಂದು ಗೊಣಗಿದವರೂ ಇದ್ದರು. ಆ ಗೊಣಗಿಗೆ ಉತ್ತರ ಹೊರಗಿನವನ ಕೂಲಿಯಲ್ಲಿದೆ, ಒಳಗಿನವನದರಲ್ಲಿ ಅಲ್ಲ.

ಹೀಗೆ ಕಾಲಚಕ್ರ ಒಂದು ವಿಚಿತ್ರವಾದ ತಿರುವನ್ನು ಮುಟ್ಟಿದೆ. ೨೦೨೨ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದವರ ಪೈಕಿ ನೂರಕ್ಕೆ ೭೫.೮ರಷ್ಟು ಮಂದಿ ವಿಚಾರಣಾಧೀನರು. ಇನ್ನ್ಯಾರೂ ಅವರನ್ನು ಅಪರಾಧಿಗಳೆಂದು ಹೇಳಿರಲಿಲ್ಲ. ಅವರನ್ನು ದುಡಿಸುವ ಅಧಿಕಾರ ಕಾನೂನಿಗಿಲ್ಲ. ಅವರು ಕಾಯುತ್ತಾರೆ. ಶಿಕ್ಷೆಯಾದವನಿಗೆ ಮಗ್ಗವೋ ಉಳಿಯೋ ಹಿಟ್ಟಿನ ನಾದುವ ತೊಟ್ಟಿಯೋ ಇದೆ, ತಿಂಗಳ ಕೊನೆಗೆ ಹೆಸರಿನ ಮುಂದೆ ಒಂದು ಮೊತ್ತವಿದೆ. ವಿಚಾರಣೆಗಾಗಿ ಕಾಯುವವನಿಗೆ ಜಾಮೀನಿನ ಸುದ್ದಿಯ ಹೊರತು ಬೇರೆ ನಿರೀಕ್ಷೆಯಿಲ್ಲ. ಕಂಬಿ ಎಣಿಸುವುದೆಂಬ ಮಾತು ನಿಜವಾಗಿ ಅನ್ವಯಿಸುವುದು ಇವನಿಗೆ.

ಹಾಗೆಂದು ಕೂಲಿ ಬಂದಕೂಡಲೆ ಎಲ್ಲವೂ ಹಸನಾಯಿತೆಂದು ಬರೆಯುವುದಕ್ಕೆ ಕೈ ಏಳುವುದಿಲ್ಲ. ಮೈಸೂರಿನ ಕಾರಾಗೃಹದ ಒಳಗೆ ಒಂದು ಬೇಕರಿಯಿದೆ. ೨೦೨೪ರ ಡಿಸೆಂಬರಿನ ಕೊನೆಯಲ್ಲಿ ಹೊಸ ವರ್ಷದ ಕೇಕುಗಳಿಗೆಂದು ತಂದಿದ್ದ ಸುವಾಸನೆಯ ದ್ರವವನ್ನು ಬಂದಿಗಳಲ್ಲಿ ಮೂವರು ಕುಡಿದರು; ಮರುವರ್ಷದ ಜನವರಿಯಲ್ಲಿ ಒಬ್ಬರ ಹಿಂದೊಬ್ಬರಂತೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಮತ್ತು ಬರುವುದೆಂದು ಕುಡಿದರೆಂದು ಸುದ್ದಿ. ಒಳಗಿನ ಬಾಳಿನ ಯಾವ ಬೇಗೆ ಆ ಬಾಟಲಿಗೆ ಕೈ ಹಾಕಿಸಿತೆಂಬುದನ್ನು ಯಾವ ಕೂಲಿಯ ಪಟ್ಟಿಯೂ ಹೇಳಲಾರದು.

ಇನ್ನು ಪೊರಕೆಯ ವಿಷಯ. ಕೆಲಸವನ್ನು ಹಂಚುವಾಗ ಅಡುಗೆ ಯಾರಿಗೆ, ಕಸ ಬಳಿಯುವುದು ಯಾರಿಗೆ? ಅನೇಕ ರಾಜ್ಯಗಳ ಸೆರೆಮನೆ ಕೈಪಿಡಿಗಳು ಇದನ್ನು ಜಾತಿಯಿಂದ ನಿರ್ಧರಿಸುತ್ತಿದ್ದುವು, ಅದೂ ಸ್ವತಂತ್ರ ಭಾರತದಲ್ಲಿ, ಅಚ್ಚಾದ ಅಕ್ಷರಗಳಲ್ಲಿ. ಒಂದೇ ಅಪರಾಧ, ಒಂದೇ ಕಲಮು, ಒಂದೇ ಅವಧಿಯ ಕಠಿಣ ಸಜೆ. ಆದರೂ ಒಬ್ಬನಿಗೆ ಸೌಟು, ಇನ್ನೊಬ್ಬನಿಗೆ ಕಕ್ಕಸಿನ ಬಕೆಟ್ಟು. ನ್ಯಾಯಾಧೀಶರು ಕೊಡದಿದ್ದ ಶಿಕ್ಷೆಯನ್ನು ಜೈಲಿನ ರಿಜಿಸ್ಟರಿನ ಜಾತಿಯ ಅಂಕಣ ಕೊಡುತ್ತಿತ್ತು. ಪತ್ರಕರ್ತೆ ಸುಕನ್ಯಾ ಶಾಂತಾ ಅವರು ಈ ನಿಯಮಗಳನ್ನು ಶೋಧಿಸಿ ಬರೆದು, ತಾವೇ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ೨೦೨೪ರ ಅಕ್ಟೋಬರ್ ೩ರಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರ ಪೀಠವು ಅಂಥ ನಿಯಮಗಳನ್ನೆಲ್ಲ ರದ್ದುಪಡಿಸಿ, ರಿಜಿಸ್ಟರಿನಿಂದ ಜಾತಿಯ ಅಂಕಣವನ್ನು ಅಳಿಸಬೇಕೆಂದು ಆಜ್ಞೆ ಮಾಡಿತು. ದಂಡ ಸಂಹಿತೆ ಹುಟ್ಟಿ ೧೬೪ ವರ್ಷಗಳಾಗಿದ್ದುವು.

ಇದೇ ೨೦೨೪ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯ ೪ನೆಯ ಕಲಮಿನ ಕೊನೆಯಲ್ಲಿ ಹಿಂದೆ ಇಲ್ಲದಿದ್ದ ಒಂದು ಶಿಕ್ಷೆ ಸೇರಿಕೊಂಡಿದೆ: ಸಮುದಾಯ ಸೇವೆ. ಐದು ಸಾವಿರ ರೂಪಾಯಿಗಿಂತ ಕಡಿಮೆಯ ಮೊದಲ ಕಳವು ಮಾಡಿ ಮಾಲನ್ನು ಹಿಂದಿರುಗಿಸಿದವನು, ಕುಡಿದು ಬೀದಿಯಲ್ಲಿ ರಂಪ ಮಾಡಿದವನು, ಇಂಥ ಕೆಲವರಿಗೆ ಸೆರೆಮನೆಯ ಬಾಗಿಲಿಗೆ ಬದಲು ಊರಿಗೆ ಉಪಯೋಗವಾಗುವ ಕೆಲಸ. ಅದಕ್ಕೆ ಕೂಲಿಯಿಲ್ಲ, ಮಾಡಿ ಮುಗಿಸಿದರೆ ಋಣ ಹರಿಯಿತು. ಕೃಷ್ಣರಾಜ ಬುಲ್‌ವಾರ್ಡಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯದ ಓಲೆಗರಿಯಲ್ಲಿ ಮಲಗಿದ್ದ ‘ದಂಡಪ್ರತಿಕರ್ತೃ’ವನ್ನು ಯಾರೋ ತಟ್ಟಿ ಎಬ್ಬಿಸಿದಂತಿದೆ. ಅವನ ಕೈಗೆ ಕೊಡುವುದು ಸಸಿಯನ್ನೋ ಪೊರಕೆಯನ್ನೋ ಎಂಬುದನ್ನು ಸಂಹಿತೆ ಇಲ್ಲಿಯೂ ಹೇಳಿಲ್ಲ. ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿದೆ.